ಹಳೆಯ ಜೀಪಿಗೆ ಯಾವ ಬಣ್ಣ?

ಮೈಸೂರಿನಿಂದ ದಕ್ಷಿಣಕ್ಕೆ ಊಟಿ ರಸ್ತೆ ಹಿಡಿದರೆ ನಂಜನಗೂಡು. ಆಗ್ನೇಯಕ್ಕೆ ಹೊರಟರೆ ತಿರುಮಕೂಡಲು ನರಸೀಪುರ. ಒಂದು ಊರು ಕಪಿಲೆಯ ದಂಡೆಯಲ್ಲಿದೆ, ಇನ್ನೊಂದು ಅದೇ ಕಪಿಲೆ ಕಾವೇರಿಯನ್ನು ಕೂಡುವ ಜಾಗದಲ್ಲಿ. ಈ ಎರಡು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಹೆಡಿಯಾಲದ ಕಡೆ ಬಂಡೀಪುರ ಕಾಡಿನ ಅಂಚು, ನಾಲೆಯ ಬಯಲಿನಲ್ಲಿ ಗದ್ದೆಯ ಕೆಸರು, ತಲಕಾಡಿನಲ್ಲಿ ಮರಳಿನ ದಿಬ್ಬ, ನಡುವೆ ಮಳೆ ಬಿದ್ದರೆ ಇಟ್ಟ ಕಾಲು ಕೀಳಲಾಗದ ಎರೆ ಭೂಮಿ. ಟಾರು ರಸ್ತೆ ಹಳ್ಳಿಗಳಿಗೆ ಬರುವ ಮುನ್ನ ಇಂಥ ನೆಲದಲ್ಲಿ ಎತ್ತಿನ ಗಾಡಿಯಷ್ಟೇ ಧೈರ್ಯವಾಗಿ ನುಗ್ಗುತ್ತಿದ್ದ ಯಂತ್ರವೆಂದರೆ ಜೀಪು.

ಅದು ಒಂದು ಕಂಪೆನಿಯ ಹೆಸರೆಂಬುದನ್ನು ನಮ್ಮ ಜನ ಎಂದೋ ಮರೆತರು. ಯಾವ ಕಾರ್ಖಾನೆಯಲ್ಲಿ ತಯಾರಾದರೂ ಸರಿ, ತೆರೆದ ಮೈ, ಕ್ಯಾನ್ವಾಸಿನ ಹುಡ್ಡು, ಎದುರಿಗೆ ಕಂಬಿಯ ಮುಖವಿದ್ದರೆ ಅದು ಜೀಪೇ. ಇಂದು ಆ ಜೀಪುಗಳು ರಸ್ತೆಯಿಂದ ಬಹುಮಟ್ಟಿಗೆ ಮರೆಯಾಗಿವೆ. ಉಳಿದವು ಹುಣಸೆ ಮರದಡಿಯಲ್ಲಿ, ರೈಸ್‌ಮಿಲ್ಲಿನ ಹಿತ್ತಲಲ್ಲಿ, ತೋಟದ ಮನೆಯ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿರುವುದು ಕಣ್ಣಿಟ್ಟು ಹುಡುಕುವವರಿಗೆ ಕಂಡೀತು. ಹಾಗೆ ಹುಡುಕಿ ತಂದು, ತುಕ್ಕು ಕೆರೆದು, ಮತ್ತೆ ಓಡಿಸುವ ಹವ್ಯಾಸ ಕಳೆದ ಎರಡು ಮೂರು ದಶಕಗಳಲ್ಲಿ ಕರ್ನಾಟಕದಲ್ಲೂ ಬೆಳೆದಿದೆ. ಇದು ಸಿರಿವಂತರ ಶೋಕಿ ಎಂದು ತಳ್ಳಿಹಾಕುವವರುಂಟು. ಆದರೆ ಜೀಪೊಂದನ್ನು ಬಿಚ್ಚಿ ಜೋಡಿಸುವಾಗ ಎದುರಾಗುವ ಒಂದು ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಗೂ ತೊಡಕಿನದೇ: ಈ ವಾಹನವನ್ನು ಅದರ ಬದುಕಿನ ಯಾವ ದಿನಕ್ಕೆ ಮರಳಿಸಬೇಕು?

ನಲವತ್ತೊಂಬತ್ತು ದಿನದ ಕೂಸು

ಉತ್ತರಕ್ಕೆ ಮೊದಲು ಹುಟ್ಟಿನ ಕತೆ. 1940ರ ಬೇಸಿಗೆಯಲ್ಲಿ ಯೂರೋಪಿನ ಯುದ್ಧ ತನ್ನ ಬಾಗಿಲಿಗೂ ಬರಬಹುದೆಂದು ಅರಿತ ಅಮೆರಿಕದ ಸೇನೆ, ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಪುಟ್ಟ ವಾಹನ ಬೇಕೆಂದು 135 ತಯಾರಕರಿಗೆ ಪತ್ರ ಬರೆಯಿತು. ಕೊಟ್ಟ ಗಡುವು ಎಷ್ಟು ಬಿಗಿಯಾಗಿತ್ತೆಂದರೆ ಮೊದಲಿಗೆ ಮುಂದೆ ಬಂದವು ಎರಡೇ ಕಂಪೆನಿಗಳು. ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಸಂಸ್ಥೆ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್‌ ಹಾಕಿಕೊಟ್ಟ ನಕ್ಷೆಯ ಮೇಲೆ 49 ದಿನಗಳಲ್ಲಿ ಮಾದರಿಯನ್ನು ತಯಾರಿಸಿ ಅದೇ ಸೆಪ್ಟೆಂಬರ್ 23ರಂದು ಸೇನೆಗೆ ಒಪ್ಪಿಸಿತು. ಮಾದರಿ ಗೆದ್ದಿತು, ಬ್ಯಾಂಟಮ್ ಸೋತಿತು. ಲಕ್ಷಗಟ್ಟಲೆ ತಯಾರಿಸುವ ಶಕ್ತಿ ಅದಕ್ಕಿರಲಿಲ್ಲವಾಗಿ ದೊಡ್ಡ ಗುತ್ತಿಗೆ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಈ ಎರಡೂ ಸೇರಿ ತಯಾರಿಸಿದ ಜೀಪುಗಳು 6.4 ಲಕ್ಷದಷ್ಟು.

ವಿಲ್ಲೀಸಿನ ಜೀಪಿಗೆ 'ಎಂಬಿ' ಎಂದೂ ಫೋರ್ಡಿನದಕ್ಕೆ 'ಜಿಪಿಡಬ್ಲ್ಯು' ಎಂದೂ ಹೆಸರು. ಎರಡರಲ್ಲೂ 60 ಅಶ್ವಶಕ್ತಿಯ, 2.2 ಲೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 80 ಅಂಗುಲ ಅಂತರ. 'ಜೀಪ್' ಎಂಬ ಪದದ ಮೂಲದ ಬಗ್ಗೆ ಇಂದಿಗೂ ಜಗಳವಿದೆ. 'ಜನರಲ್ ಪರ್ಪಸ್' ಎಂಬುದರ ಮೊದಲಕ್ಷರಗಳು ಬೆಸೆದುಕೊಂಡವು ಎನ್ನುವುದು ಜನಪ್ರಿಯ ವಿವರಣೆ. ಫೋರ್ಡಿನ ಸಂಕೇತದಲ್ಲಿ 'ಜಿ' ಎಂದರೆ ಸರ್ಕಾರ, 'ಪಿ' ಎಂದರೆ 80 ಅಂಗುಲದ ಅಳತೆ, 'ಡಬ್ಲ್ಯು' ಎಂದರೆ ವಿಲ್ಲೀಸಿನ ವಿನ್ಯಾಸವೆಂದು ಅರ್ಥವಿದ್ದುದರಿಂದ ಈ ವಿವರಣೆ ಪೂರ್ತಿ ನಿಲ್ಲುವುದಿಲ್ಲ. 1936ರಲ್ಲಿ ಪಪಾಯ್ ವ್ಯಂಗ್ಯಚಿತ್ರ ಮಾಲೆಯಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ಹೋಗಬಲ್ಲ 'ಜೀಪ್' ಎಂಬ ವಿಚಿತ್ರ ಪ್ರಾಣಿಯ ಹೆಸರನ್ನೇ ಸಿಪಾಯಿಗಳು ವಾಹನಕ್ಕೆ ಅಂಟಿಸಿದರೆಂದು ಇನ್ನೊಂದು ವಾದ.

ಭಾರತಕ್ಕೆ ಈ ಜೀಪುಗಳು ಬಂದದ್ದು ಬರ್ಮಾ ರಂಗದ ಯುದ್ಧದ ಜೊತೆಗೆ. ಯುದ್ಧ ಮುಗಿದ ಮೇಲೆ ಉಳಿದ ಸೇನಾ ಸಾಮಗ್ರಿಯನ್ನು ಸರ್ಕಾರದ ವಿಲೇವಾರಿ ವಿಭಾಗ ಹರಾಜು ಹಾಕಿತು. ತೋಟದ ಮಾಲೀಕರು, ಕಂಟ್ರಾಕ್ಟರುಗಳು, ಅನುಕೂಲಸ್ಥ ಜಮೀನುದಾರರು ಕೊಂಡರು. ಆದರೆ ನಮ್ಮ ಹಳ್ಳಿಗಳು ಕಂಡ ಜೀಪುಗಳಲ್ಲಿ ಬಹುಪಾಲು ಈ ಯುದ್ಧದ ಜೀಪುಗಳಲ್ಲ. ಅವುಗಳ ಕತೆ ಬೇರೆ.

ಮುಂಬಯಿಯ ಜೀಪು

1945ರಲ್ಲಿ ಮಹೀಂದ್ರ ಸಹೋದರರಾದ ಜೆ.ಸಿ. ಮತ್ತು ಕೆ.ಸಿ. ಮಹೀಂದ್ರ, ಮಲಿಕ್ ಗುಲಾಮ್ ಮಹಮ್ಮದ್ ಅವರ ಜೊತೆಗೂಡಿ 'ಮಹೀಂದ್ರ ಅಂಡ್ ಮಹಮ್ಮದ್' ಎಂಬ ಉಕ್ಕಿನ ವ್ಯಾಪಾರದ ಕಂಪೆನಿ ಕಟ್ಟಿದರು. ದೇಶ ಇಬ್ಭಾಗವಾದಾಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಇಲ್ಲಿನ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ವಿಲ್ಲೀಸಿನಿಂದ ಬಿಡಿಬಿಡಿಯಾಗಿ ತರಿಸಿದ ಭಾಗಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸುವುದರೊಂದಿಗೆ ಭಾರತದ ಜೀಪು ಹುಟ್ಟಿತು. 1950ರ ದಶಕದ ನಡುವಿನಿಂದ ಭಾಗಗಳನ್ನು ಹಂತಹಂತವಾಗಿ ಇಲ್ಲೇ ತಯಾರಿಸುವ ಕೆಲಸ ಮೊದಲಾಯಿತು.

ಇಲ್ಲಿ ನೆಲೆಯೂರಿದ ಮಾದರಿ 'ಸಿಜೆ-3ಬಿ'. ಅಮೆರಿಕದಲ್ಲಿ ಇದು 1953ರಲ್ಲಿ ಹೊರಬಂದು 1968ರಲ್ಲಿ ನಿಂತುಹೋಯಿತು. ಭಾರತದಲ್ಲಿ ಅದರ ಸಂತತಿ ಮುಂದೆಯೂ ದಶಕಗಳ ಕಾಲ ಬಾಳಿತು. ಇದನ್ನು ಗುರುತಿಸುವುದು ಸುಲಭ: ಬಾನೆಟ್ ಎತ್ತರ. ಹಳೆಯ ಎಂಜಿನ್ನಿನಲ್ಲಿ ಕವಾಟಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು. ಹೊಸ ಎಂಜಿನ್ನಿನಲ್ಲಿ ಒಳಸೇರುವ ಕವಾಟಗಳನ್ನು ಮೇಲಿನ ತಲೆಗೆ ಏರಿಸಿದರು. ಬಲ 60ರಿಂದ 70 ಅಶ್ವಶಕ್ತಿಯ ಮೇಲಕ್ಕೆ ಹೋಯಿತು, ಜೊತೆಗೆ ಎಂಜಿನ್ನೂ ಉದ್ದಕ್ಕೆ ಬೆಳೆಯಿತು. ಅದನ್ನು ಮುಚ್ಚಲು ಬಾನೆಟ್ಟನ್ನು ಎತ್ತಿದ್ದಷ್ಟೇ. ಆ ಎತ್ತಿದ ಹಣೆ ಅಂದಕ್ಕೆ ಕುಂದೆಂದು ಅಮೆರಿಕದವರು ಮೂಗು ಮುರಿದರು. ಅದೇ ಹಣೆ ಭಾರತದ ಜೀಪಿನ ಗುರುತಾಯಿತು.

ಹಳ್ಳಿಗೆ ಬಂದ ಸರ್ಕಾರ

1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಮರುವರ್ಷ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ಬ್ಲಾಕ್ ಡೆವಲಪ್‌ಮೆಂಟ್ ಆಫೀಸರ್ ಎಂಬ ಹೊಸ ಅಧಿಕಾರಿ ಹುಟ್ಟಿಕೊಂಡರು. ಜನರ ಬಾಯಲ್ಲಿ ಅವರು ಬಿ.ಡಿ.ಒ. ಸಾಹೇಬರು. ಅವರ ಜೊತೆಗೆ ಜೀಪೂ ಹುಟ್ಟಿಕೊಂಡಿತು. ಮೈಸೂರು ರಾಜ್ಯದಲ್ಲಿ 1959ರ ಕಾಯಿದೆಯಂತೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ರಚನೆಯಾದವು. ಅವು 1980ರ ದಶಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ವ್ಯವಸ್ಥೆ ಬರುವವರೆಗೂ ಹಳ್ಳಿಯ ಪಾಲಿಗೆ ಸರ್ಕಾರದ ಹತ್ತಿರದ ಮುಖವಾಗಿದ್ದವು. ಆ ಮುಖ ಬಹಳ ಸಲ ಕಂಡದ್ದು ಜೀಪಿನ ಗಾಜಿನ ಹಿಂದೆ.

1953ರಲ್ಲಿ ಮಲೇರಿಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಡಿಡಿಟಿ ಪಂಪು ಹೊತ್ತವರು, ಸಿಡುಬಿಗೆ ಲಸಿಕೆ ಹಾಕುವವರು, ಕೆಂಪು ತ್ರಿಕೋನದ ಕುಟುಂಬ ಯೋಜನೆಯವರು, ಸಂಜೆ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಾಕ್ಷ್ಯಚಿತ್ರ ತೋರಿಸುವ ವಾರ್ತಾ ಇಲಾಖೆಯವರು, ಹಿಪ್ಪುನೇರಳೆ ತೋಟ ನೋಡಲು ಬರುವ ರೇಷ್ಮೆ ಇಲಾಖೆಯವರು, ಕಬಿನಿ ನಾಲೆಯ ಏರಿಯ ಮೇಲೆ ಓಡಾಡುವ ನೀರಾವರಿ ಎಂಜಿನಿಯರುಗಳು, ಕಾಡಿನಂಚಿನಲ್ಲಿ ಆನೆ ಓಡಿಸುವ ಅರಣ್ಯ ಸಿಬ್ಬಂದಿ, ಚುನಾವಣೆ ಬಂದರೆ ಧ್ವನಿವರ್ಧಕ ಕಟ್ಟಿಕೊಂಡ ಪಕ್ಷಗಳವರು. ಇವರೆಲ್ಲರನ್ನೂ ಹೊತ್ತದ್ದು ಜೀಪು. 'ಜೀಪು ಬಂತು' ಎಂಬ ಮಾತಿಗೆ ಹಳ್ಳಿಯಲ್ಲಿ ಎರಡು ಅರ್ಥವಿತ್ತು. ಒಂದು ಭರವಸೆ, ಇನ್ನೊಂದು ಅಂಜಿಕೆ. ಲಸಿಕೆಗೆ ಹೆದರಿ ಮಕ್ಕಳು ಅಡಗುತ್ತಿದ್ದುದೂ, ತುರ್ತುಪರಿಸ್ಥಿತಿಯ ದಿನಗಳಲ್ಲಿ ಗಂಡಸರು ಹೊಲಕ್ಕೆ ಓಡುತ್ತಿದ್ದುದೂ ಅದೇ ಸದ್ದಿಗೆ.

ನಾಲ್ಕೂ ಚಕ್ರದ ಗುಟ್ಟು

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗಷ್ಟೇ ಹೋಗುತ್ತದೆ. ಆ ಚಕ್ರಗಳು ಕೆಸರಿನಲ್ಲಿ ಜಾರಿದರೆ ಉಳಿದೆರಡು ಸುಮ್ಮನೆ ನಿಂತು ನೋಡುತ್ತವೆ. ಜೀಪಿನಲ್ಲಿ ಗೇರುಪೆಟ್ಟಿಗೆಯ ಹಿಂದೆ 'ಟ್ರಾನ್ಸ್‌ಫರ್ ಕೇಸ್' ಎಂಬ ಇನ್ನೊಂದು ಪೆಟ್ಟಿಗೆಯಿದೆ. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವುದು ಅದರ ಕೆಲಸ. ಚಾಲಕನ ಪಕ್ಕದಲ್ಲಿರುವ ಎರಡು ಪುಟ್ಟ ಸನ್ನೆಗಳಲ್ಲಿ ಒಂದು ಮುಂದಿನ ಚಕ್ರಗಳನ್ನು ಕೆಲಸಕ್ಕೆ ಕರೆಯುತ್ತದೆ. ಇನ್ನೊಂದು ವೇಗ ಇಳಿಸಿ ಎಳೆತ ಹೆಚ್ಚಿಸುತ್ತದೆ. ಎತ್ತು ಹೆಜ್ಜೆಹೆಜ್ಜೆಗೆ ಊರಿ ಏರಿ ಹತ್ತುವಂತೆ ಜೀಪು ಹತ್ತುವುದು ಈ ಎರಡನೆಯ ಸನ್ನೆಯ ಬಲದಿಂದ.

ಇದಕ್ಕೊಂದು ಕಟ್ಟಳೆಯಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಹಳೆಯ ಜೀಪಿನಲ್ಲಿ ಈ ವ್ಯತ್ಯಾಸವನ್ನು ನುಂಗುವ ಸಾಧನ ಮುಂದು ಹಿಂದಿನ ನಡುವೆ ಇಲ್ಲ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಸರಿಹೋಗುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರ ಹಾಕಿ ಓಡಿಸಿದರೆ ಆ ಹಗ್ಗಜಗ್ಗಾಟವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಹಳೆಯ ಜೀಪು ಕೊಳ್ಳುವವರು ಈ ಪೆಟ್ಟಿಗೆಯ ಸದ್ದನ್ನು ಕಿವಿಗೊಟ್ಟು ಕೇಳುವುದು, ಸನ್ನೆ ತಾನೇ ಹೊರಜಿಗಿಯುತ್ತದೆಯೇ ಎಂದು ನೋಡುವುದು ಇದಕ್ಕಾಗಿ.

ಗುರುತು ಹಿಡಿಯುವ ಕಲೆ

ಪೇಟೆಯಲ್ಲಿ ಇಂದು ಪ್ರತಿಯೊಂದು ಹಳೆಯ ಜೀಪೂ '1942ರ ವಿಲ್ಲೀಸ್' ಆಗಿಬಿಟ್ಟಿದೆ. ಹುಟ್ಟಿನ ಗುಟ್ಟು ತಿಳಿದವರು ಮಾತಿಗೆ ಬದಲು ಕಬ್ಬಿಣವನ್ನು ಕೇಳುತ್ತಾರೆ. ಮುಖದ ಕಂಡಿಗಳನ್ನು ಎಣಿಸುವುದು ಮೊದಲ ಪಾಠ. ಯುದ್ಧದ ಜೀಪಿಗೆ ಒಂಬತ್ತು ಕಂಡಿ, ಯುದ್ಧಾನಂತರ ನಾಗರಿಕರಿಗಾಗಿ ಮಾಡಿದ ಜೀಪಿಗೆ ಏಳು. ಯುದ್ಧದ ಜೀಪಿನ ಮುಂದೀಪಗಳನ್ನು ಹಿಂದಕ್ಕೆ ಮಗುಚಿ ಎಂಜಿನ್ನಿನ ಮೇಲೆ ಬೆಳಕು ಬೀಳಿಸಬಹುದು. ಕತ್ತಲಲ್ಲಿ ರಿಪೇರಿಗೆ ಮಾಡಿದ ಏರ್ಪಾಡದು. ವಿಲ್ಲೀಸಿನ ಚಾಸಿಯಲ್ಲಿ ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ಕೊಳವೆಯಂತೆ ಗುಂಡಗಿದ್ದರೆ ಫೋರ್ಡಿನದು ಚೌಕ. ಫೋರ್ಡ್ ಕಂಪೆನಿಯಂತೂ ತನ್ನ ಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತಿತ್ತು. ಗುಜರಿ ರಾಶಿಯಲ್ಲಿ ಒಂದು 'ಎಫ್' ಬೋಲ್ಟು ಸಿಕ್ಕರೆ ಹಬ್ಬ ಮಾಡುವ ಹವ್ಯಾಸಿಗಳು ಲೋಕದ ತುಂಬ ಇದ್ದಾರೆ.

ಗುರುತಿನಷ್ಟೇ ಮುಖ್ಯ ಕಾಗದ. ಚಾಸಿಯ ಮೇಲಿನ ಸಂಖ್ಯೆಗೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಛಾಪು ತೆಗೆಯುವುದು ಸಾರಿಗೆ ಕಚೇರಿಯ ಹಳೆಯ ಪದ್ಧತಿ. ಆ ಛಾಪಿಗೂ ನೋಂದಣಿ ಪುಸ್ತಕಕ್ಕೂ ತಾಳೆ ಬಿದ್ದರೆ ಅರ್ಧ ಕೆಲಸ ಮುಗಿಯಿತು. ಸಂಖ್ಯೆಯ ಫಲಕವೂ ಚರಿತ್ರೆಯ ಪುಟವೇ. 1988ರ ಮೋಟಾರು ವಾಹನ ಕಾಯಿದೆ 1989ರಲ್ಲಿ ಜಾರಿಗೆ ಬಂದ ಮೇಲೆ 'ಕೆಎ' ಮೊದಲಾಯಿತು. ಅದಕ್ಕೆ ಮುಂಚಿನ ಎಷ್ಟೋ ವಾಹನಗಳು 'ಎಂವೈ' ಎಂದು ಮೈಸೂರಿನ ಹೆಸರನ್ನು ಹಣೆಯ ಮೇಲೆ ಹೊತ್ತವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದರೂ ಅವುಗಳ ಹಣೆಬರಹ ಬದಲಾಗಲಿಲ್ಲ. ಮೊದಲ ಮಾಲೀಕನ ಜಾಗದಲ್ಲಿ ಯಾವ ಇಲಾಖೆಯ ಹೆಸರಿದೆ, ಯಾವ ವರ್ಷ ಹರಾಜಾಯಿತು, ಯಾವಾಗ ಪೆಟ್ರೋಲು ಹೋಗಿ ಡೀಸೆಲ್ ಬಂತು. ಎಲ್ಲವೂ ಆ ಮಾಸಿದ ಪುಟಗಳಲ್ಲಿರುತ್ತದೆ. ಜೀಪು ಮಾರುವಾಗ ಗಾಡಿ ಕೊಟ್ಟು ಪುಸ್ತಕ ಕಳೆದವರು ಅದರ ಜಾತಕವನ್ನೇ ಕಳೆದಂತೆ.

ಬಿಡಿಭಾಗದ ಬೇಟೆ

ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಜೀಪಿಗೂ ಆ ಮಾತು ಸಲ್ಲುತ್ತದೆ. ಮೂರು ಸತ್ತ ಜೀಪುಗಳಿಂದ ಒಂದು ಬದುಕಿದ ಜೀಪು ಎಂಬುದು ಈ ಕಸುಬಿನ ಲೆಕ್ಕ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬಯಿಯ ಚೋರ್ ಬಜಾರ್ ಹವ್ಯಾಸಿಗಳ ಯಾತ್ರಾಸ್ಥಳಗಳು. ಜೀಪಿನ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದದ್ದು ಇಲ್ಲಿ ದೊಡ್ಡ ವರ. 1955ರ ಗಾಡಿಯ ಎಷ್ಟೋ ಭಾಗಕ್ಕೆ 1985ರ ಗಾಡಿಯಲ್ಲಿ ನೆಂಟಸ್ತಿಕೆ ಸಿಗುತ್ತದೆ. ಸಿಗದಿದ್ದರೆ ಲೇತ್ ಇದೆ. ಟ್ರ್ಯಾಕ್ಟರು, ಕಬ್ಬಿನ ಗಾಣ, ಪಂಪ್‌ಸೆಟ್ಟುಗಳ ರಿಪೇರಿಯಲ್ಲಿ ಪಳಗಿದ ತಾಲ್ಲೂಕು ಕೇಂದ್ರದ ಲೇತ್ ಕೆಲಸಗಾರನಿಗೆ ಸವೆದ ಬುಷ್ ತೋರಿಸಿದರೆ ಸಾಕು, ಮರುದಿನ ಹೊಸದು ಸಿದ್ಧವಾಗುತ್ತದೆ.

ಸೇನೆಯ ಹರಾಜುಗಳದು ಇನ್ನೊಂದು ದಾರಿ. ಜಬಲ್‌ಪುರದ ವಾಹನ ಕಾರ್ಖಾನೆಯಲ್ಲಿ ನಿಸಾನ್ ಕಂಪೆನಿಯ ವಿನ್ಯಾಸದ ಮೇಲೆ 1969ರಿಂದ 1999ರವರೆಗೆ ತಯಾರಾದ 'ಜೋಂಗಾ', ಆರು ಸಿಲಿಂಡರುಗಳ ದೈತ್ಯ. ಸೇವೆ ಮುಗಿಸಿದ ಜೋಂಗಾಗಳು ಹರಾಜಿನ ಮೂಲಕ ನಾಗರಿಕರ ಕೈ ಸೇರಿದವು. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿಯೂ ಇಂದು ಹಳೆಯ ವಾಹನಗಳ ಸಾಲಿಗೆ ಸೇರುತ್ತಿದೆ.

ಭಾಗಗಳ ಜೊತೆಗೆ ನೆನಪಿನ ವಸ್ತುಗಳ ಬೇಟೆಯೂ ಉಂಟು. ಅಮೆರಿಕದ ಯುದ್ಧ ಇಲಾಖೆ 1944ರಲ್ಲಿ ಅಚ್ಚು ಹಾಕಿದ 'ಟಿಎಂ 9-803' ಎಂಬ ಕೈಪಿಡಿ ಜೀಪುಪ್ರಿಯರ ಪಾಲಿನ ಪಂಚಾಂಗ. ಯುದ್ಧದ ಜೀಪಿನ ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆಯ ಮುಚ್ಚಳದ ಮೇಲಿರುತ್ತಿದ್ದ ಲೋಹದ ಫಲಕಗಳಿಗೆ ಬೇಡಿಕೆ ಎಷ್ಟಿದೆಯೆಂದರೆ ನಕಲಿ ಫಲಕಗಳೂ ಬಂದಿವೆ. ಆದರೆ ನಮ್ಮ ಜೀಪಿನ ನಿಜವಾದ ನೆನಪುಗಳು ಇವಲ್ಲ. ಸರ್ಕಾರಿ ಜೀಪಿನ ಓಡಾಟದ 'ಲಾಗ್ ಪುಸ್ತಕ', ಪೆಟ್ರೋಲಿನ ಕೂಪನ್ನು, ಇಲಾಖೆಯ ಕನ್ನಡ ಅಕ್ಷರಗಳ ತಗಡು, ಚಾಲಕನ ಖಾಕಿ ಕೋಟಿನ ಬಿಲ್ಲೆ, ಲಸಿಕೆ ತಂಡ ಜೀಪಿನ ಮುಂದೆ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ. ಇವುಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದ್ದರಿಂದಲೇ ಇವು ಮೊದಲು ಒಲೆಗೆ, ರದ್ದಿಗೆ ಹೋಗುತ್ತವೆ.

ಬಿಚ್ಚುವುದು, ಜೋಡಿಸುವುದು

ಜೀರ್ಣೋದ್ಧಾರದ ಮೊದಲ ಹತಾರ ಸ್ಪಾನರ್ ಅಲ್ಲ, ಕ್ಯಾಮೆರಾ. ಬಿಚ್ಚುವ ಮುನ್ನ ಪ್ರತಿ ತಂತಿ, ಪ್ರತಿ ಕ್ಲಿಪ್ಪಿನ ಚಿತ್ರ ತೆಗೆಯದವರು ಜೋಡಿಸುವಾಗ ಅಳುತ್ತಾರೆ. ಬಿಚ್ಚಿದ್ದನ್ನು ಡಬ್ಬಿಗಳಲ್ಲಿ ಚೀಟಿ ಸಮೇತ ಇಡಬೇಕು. ತುಕ್ಕು ಮೊದಲು ತಿನ್ನುವುದು ಕಾಲಿಡುವ ತಗಡನ್ನು, ಸೀಟಿನಡಿಯ ಪೆಟ್ಟಿಗೆಗಳನ್ನು. ಯುದ್ಧದ ಜೀಪಿನಲ್ಲಿ ನೆಲದಡಿಯ ಉಕ್ಕಿನ ಪಟ್ಟಿಯೊಳಗೆ ಮರದ ತುಂಡು ತುಂಬಿದ್ದರು. ಅದು ನೀರು ಹೀರಿ ಕಬ್ಬಿಣವನ್ನು ಒಳಗಿನಿಂದಲೇ ಕೊಳೆಸುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಮುಂದಿನ ಚಕ್ರಗಳ ಗುಂಡು ಕೀಲಿನಿಂದ ಗ್ರೀಸು ಸೋರುತ್ತದೆ. ಆರು ವೋಲ್ಟಿನ ಹಳೆಯ ವಿದ್ಯುತ್ ವ್ಯವಸ್ಥೆಗೆ ಬಲ್ಬು ಹುಡುಕುವುದೇ ಸಾಹಸ. ಇತ್ತೀಚೆಗೆ ಹೊಸ ತೊಡಕೊಂದು ಸೇರಿದೆ. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬು ಬೆಳೆಯುವವರಿಗೆ ಅದು ಒಳ್ಳೆಯ ಸುದ್ದಿ. ಆದರೆ ಹಳೆಯ ಪೆಟ್ರೋಲ್ ಪಂಪಿನ ರಬ್ಬರು ಪೊರೆ, ಕೊಳವೆ, ಗ್ಯಾಸ್ಕೆಟ್ಟುಗಳು ಈ ಮಿಶ್ರಣವನ್ನು ತಾಳುವುದಿಲ್ಲ. ಅವನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಿಸಬೇಕು, ನಿಂತ ಗಾಡಿಯ ಟ್ಯಾಂಕಿನಲ್ಲಿ ಇಂಧನ ಬಹುಕಾಲ ಉಳಿಯದಂತೆ ನೋಡಿಕೊಳ್ಳಬೇಕು.

ಈ ಎಲ್ಲ ವಿದ್ಯೆ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಹಿರಿಯ ಮೆಕ್ಯಾನಿಕ್ಕುಗಳ ಕೈಯಲ್ಲಿದೆ. ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಿವಿಯಿಂದ ಹೊಂದಿಸುವ, ಕ್ಲಚ್ಚಿನ ವಾಸನೆಯಿಂದಲೇ ರೋಗ ಹೇಳುವ ಆ ತಲೆಮಾರು ಕೆಲಸದಿಂದ ನಿವೃತ್ತಿಯಾಗುತ್ತಿದೆ. ಕಂಪ್ಯೂಟರು ಜೋಡಿಸಿ ದೋಷ ಓದುವುದನ್ನು ಕಲಿತ ಹುಡುಗರಿಗೆ ಈ ಮೂಕ ಯಂತ್ರ ಮಾತಾಡುವುದಿಲ್ಲ.

ಕಾಯಿದೆಯ ಗೆರೆ

ಹವ್ಯಾಸಕ್ಕೆ ಕಾನೂನು ಮೂರು ಕಡೆಯಿಂದ ಗೆರೆ ಎಳೆದಿದೆ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ 'ವಿಎ' ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮಾನ್ಯತೆ 10 ವರ್ಷ. ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಹರಿತ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ಅಧಿಕೃತ ಗುಜರಿ ಘಟಕಗಳಿಗೆ ಹೋಗಬೇಕು. ಹೊಗೆ ಮತ್ತು ಅಪಘಾತಗಳ ದೃಷ್ಟಿಯಿಂದ ನಿಯಮ ಸರಿಯೇ. ಆದರೆ ಹಿಂದೆ ಇಲಾಖೆಯ ಹರಾಜಿನಿಂದ ರೈತನ ಕೊಟ್ಟಿಗೆಗೂ ಅಲ್ಲಿಂದ ಹವ್ಯಾಸಿಯ ಕೈಗೂ ಜೀಪು ಬರುತ್ತಿದ್ದ ದಾರಿ ಇದರಿಂದ ಮುಚ್ಚಿತು. ಸರ್ಕಾರದ ಸೇವೆಯಲ್ಲಿ ಸವೆದ ಜೀಪುಗಳಲ್ಲಿ ಈಗಾಗಲೇ ಖಾಸಗಿ ಕೈ ಸೇರಿದವಷ್ಟೇ ಇನ್ನು ಉಳಿಯುವವು.

ಯಾವ ದಿನಕ್ಕೆ?

ಹೀಗಿರುವಾಗ ಉಳಿದವುಗಳನ್ನು ಏನು ಮಾಡಲಾಗುತ್ತಿದೆ? ಹರಿಯಾಣದ ಡಬವಾಲಿಯಂಥ ಊರುಗಳಲ್ಲಿ ಹೊಸ ತಗಡಿನ 'ವಿಲ್ಲೀಸ್' ಮೈಗಳು ತಯಾರಾಗುತ್ತವೆ. ಸಿಜೆ-3ಬಿ ಜೀಪಿನ ಎತ್ತರದ ಬಾನೆಟ್ ಕಿತ್ತೆಸೆದು, ತಗ್ಗಿನ ಮೈ ಕೂರಿಸಿ, ಸೇನೆಯ ಹಸಿರು ಬಳಿದು, ಬಾನೆಟ್ಟಿನ ಮೇಲೆ ಬಿಳಿಯ ನಕ್ಷತ್ರ ಬರೆದರೆ ಯುದ್ಧವೀರ ಸಿದ್ಧ. ಮಲೇರಿಯ ಓಡಿಸಲು ತಿರುಗಿದ ಜೀಪು ತಾನೆಂದೂ ಕಾಣದ ನಾರ್ಮಂಡಿಯ ಕಡಲತೀರದ ಸಿಪಾಯಿಯಾಗುತ್ತದೆ. ನೋಡಲು ಸೊಗಸು. ಆದರೆ ಇದು ಜೀರ್ಣೋದ್ಧಾರವಲ್ಲ, ವೇಷ. ಹೀಗೆ ಕತ್ತರಿಸಿದ ಗಾಡಿ 2021ರ ನಿಯಮದ 'ಮೂಲರೂಪ'ವನ್ನೂ ಕಳೆದುಕೊಳ್ಳುತ್ತದೆ.

ಮಾರ್ಪಾಡೆಲ್ಲ ಪಾಪವೆಂದು ಇದರ ಅರ್ಥವಲ್ಲ. ಫಿಲಿಪ್ಪೀನ್ಸಿನಲ್ಲಿ ಯುದ್ಧ ಬಿಟ್ಟುಹೋದ ಜೀಪುಗಳನ್ನು ಜನ ಉದ್ದಕ್ಕೆ ಬೆಳೆಸಿ, ಬಣ್ಣಬಣ್ಣದ ಚಿತ್ರ ಬರೆದು 'ಜೀಪ್ನಿ' ಎಂಬ ಊರ ಬಸ್ಸು ಮಾಡಿಕೊಂಡರು. ಅದು ಆ ದೇಶದ ಗುರುತಾಯಿತು. ಡಾರ್ಜಿಲಿಂಗ್ ಸೀಮೆಯ ಮಾನೆಭಂಜಾಂಗ್‌ನಿಂದ ಸಂದಕ್‌ಫುಗೆ ಏರುವ ಕಡಿದಾದ ದಾರಿಯಲ್ಲಿ 1950ರ ದಶಕದ ಲ್ಯಾಂಡ್ ರೋವರುಗಳು ಎಂಜಿನ್ ಬದಲಿಸಿಕೊಂಡು ಪ್ರವಾಸಿಗರನ್ನು ಹೊತ್ತು ಹೆಸರಾದವು. ಬದುಕಿನ ಒತ್ತಾಯಕ್ಕೆ ಆದ ಮಾರ್ಪಾಡೂ ಚರಿತ್ರೆಯೇ. 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ ರೈತ ಕಾಲದ ತೀರ್ಪಿಗೆ ತಲೆಬಾಗಿದನೇ ಹೊರತು ವೇಷ ಹಾಕಲಿಲ್ಲ. ಬದುಕಿದ್ದನ್ನು ಉಳಿಸುವುದಕ್ಕೂ ಬದುಕದ ಬದುಕನ್ನು ಅಂಟಿಸುವುದಕ್ಕೂ ವ್ಯತ್ಯಾಸವಿದೆ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಕಾರು ಸಂಗ್ರಹಾಲಯ ತೆರೆಯಿತು. ರಾಜರ, ಸಿರಿವಂತರ ಕಾರುಗಳಿಗೆ ಹೀಗೆ ಆಶ್ರಯ ಸಿಕ್ಕಿರುವುದು ಸಂತೋಷವೇ. ತಾಲ್ಲೂಕು ಮಂಡಳಿಯ ಜೀಪಿಗೂ ಒಂದು ಮೂಲೆ ಬೇಕು. ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ತುಸು ತಾಳ್ಮೆ ಬೇಕು.

ಆ ತಾಳ್ಮೆಯ ಮೊದಲ ಪಾಠ ಉಪ್ಪುಕಾಗದದಲ್ಲಿದೆ. ಹಳೆಯ ಜೀಪಿನ ಬಣ್ಣವನ್ನು ಯಂತ್ರದಿಂದ ಒಮ್ಮೆಲೇ ಕೆರೆದು ಹಾಕುವ ಬದಲು ಬಾಗಿಲ ಬಳಿ ಅಂಗೈ ಅಗಲದ ಜಾಗವನ್ನು ನೀರು ಹಾಕಿ ಮೆಲ್ಲಗೆ ಉಜ್ಜಬೇಕು. ಮೇಲಿನ ಹಸಿರಿನ ಕೆಳಗೆ ಮದುವೆ ಬಾಡಿಗೆಗೆ ಬಳಿದ ಬಿಳಿ ಇರಬಹುದು, ಅದರಡಿ ಅರಣ್ಯ ಇಲಾಖೆಯ ಇನ್ನೊಂದು ಹಸಿರು, ಅದಕ್ಕೂ ಕೆಳಗೆ ಮಸುಕಾದ ಬೂದು. ಅದೃಷ್ಟವಿದ್ದರೆ ಕೈಬರಹದ ಅರ್ಧ ಅಳಿಸಿದ ಕನ್ನಡ ಅಕ್ಷರ ತೇಲಿ ಬರಬಹುದು: 'ತಾಲ್ಲೂಕು ಅಭಿ...' ಎಂದು. ಜೀಪಿಗೆ ಯಾವ ಬಣ್ಣವೆಂದು ಹೊರಗೆಲ್ಲೂ ಕೇಳಬೇಕಿಲ್ಲ. ಅಲ್ಲಿಗೆ ಉಜ್ಜುವುದನ್ನು ನಿಲ್ಲಿಸಿದರೆ ಸಾಕು.